ಜೆನೆಬೆಚ್ ಹೊತ್ತ ಕಲ್ಲು

"ನಿಮ್ಮ ಮನೇಲಿ ಎಷ್ಟು ಜನ, ಅಕ್ಕಾ?" ಎಂದು ಅಸ್ರಾತ್ ಕೇಳಿದಾಗ ಜೆನೆಬೆಚ್‌ಗೆ ನಗು ಬಂತು.

"ನಾನೊಬ್ಬಳು. ಬೆಕ್ಕನ್ನೂ ಸೇರಿಸ್ಬೇಕಾ?"

"ಬೆಕ್ಕು ಸರ್ಕಾರದ ನೆರವು ಕೇಳಲ್ಲ, ಬಿಡಿ. ಅಮ್ಮ ಬಂದ್ರೆ ಇಬ್ರು." ಅವಳ ತಾಯಿಯನ್ನು ಕರೆಸಿಕೊಳ್ಳುವ ಅರ್ಜಿ ತುಂಬುತ್ತಿದ್ದ ಅವನು ಕೀಲಿಮಣೆಯ ಮೇಲೆ ಬೆರಳಾಡಿಸುತ್ತಲೇ ಮುಂದಿನ ಪ್ರಶ್ನೆ ಕೇಳಿದ. "ಹಿಂದೆ ಬೇರೆ ಯಾರಿಗಾದ್ರೂ ಜಾಮೀನು ಸಹಿ ಹಾಕಿದ್ರಾ?"

"ಕಾಸಾಹುನನ ಹೆಂಡ್ತಿ ಮಕ್ಕಳಿಗೆ ಹಾಕಿದ್ದೆ. ಆರು ವರ್ಷ ಆಯ್ತು. ಇದೇ ಕುರ್ಚಿ ಮೇಲೆ ಕೂತು. ನೀನೇ ತಾನೆ ತುಂಬಿದ್ದು?"

ಅಸ್ರಾತನ ಬೆರಳು ನಿಂತಿತು. ಅಮೆರಿಕದ ಅಲೆಕ್ಸಾಂಡ್ರಿಯ ಊರಿನ ಆ ಅಂಗಡಿಸಾಲಿನಲ್ಲಿ ಇಥಿಯೋಪಿಯದವರಿಗೆ ವಿಮಾನದ ಟಿಕೆಟ್ಟು, ತೆರಿಗೆ ಲೆಕ್ಕ, ಪಾಸ್‌ಪೋರ್ಟಿನ ಫೋಟೊ, ವಲಸೆಯ ಅರ್ಜಿ ಎಲ್ಲಕ್ಕೂ ಅವನೇ ದಿಕ್ಕು. ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು ಅವನ ಅಭ್ಯಾಸ. ಈಗ ಒರೆಸಿದ.

"ಅವರು ನಾಲ್ಕೂ ಜನ ನಿಮ್ಮ ಮನೆಯವರೇ ಅಂತ ಲೆಕ್ಕ, ಅಕ್ಕಾ."

"ಅವರು ಇರೋದು ಅವರ ಮನೇಲಿ! ನಮ್ಮನೇಲಿ ಒಂದು ರಾತ್ರಿ ಮಲಗಿದವರಲ್ಲ."

"ಮಲಗೋದಲ್ಲ ಇಲ್ಲಿ ವಿಷಯ. ಅವರು ಸರ್ಕಾರದ ನೆರವು ತಗೊಂಡ್ರೆ ನಾನು ತುಂಬಿ ಕೊಡ್ತೀನಿ ಅಂತ ನೀವು ಸಹಿ ಹಾಕಿದ್ದೀರಿ. ಆ ಮಾತು ಇನ್ನೂ ಜೀವಂತ ಇದೆ. ಅವರು ಈ ದೇಶದ ಪೌರರಾಗೋ ತನಕ, ಇಲ್ಲಾ ಹತ್ತು ವರ್ಷ ದುಡಿಯೋ ತನಕ ಇರುತ್ತೆ. ಗಂಡ ಹೆಂಡ್ತಿ ಬೇರೆಯಾದ್ರೂ ಈ ಸಹಿ ಬೇರೆಯಾಗಲ್ಲ. ಅಂದ್ರೆ ಕಾಗದದ ಮೇಲೆ ನಿಮ್ಮದು ಆರು ಜನರ ಸಂಸಾರ. ಆರು ಜನರನ್ನ ಸಾಕೋವಷ್ಟು ನಿಮ್ಮ ವರಮಾನ ಇಲ್ಲ. ಇಬ್ಬರಿಗಾದ್ರೆ ಧಾರಾಳ."

ಜೆನೆಬೆಚ್ ಹತ್ತೊಂಬತ್ತು ವರ್ಷಗಳಿಂದ ಆ ಊರಿನಲ್ಲಿ ಇಂಜೆರಾ ಸುಟ್ಟು ಮಾರುತ್ತಿದ್ದವಳು. ಇಂಜೆರಾ ಎಂದರೆ ಆ ಜನರ ದಿನದ ಊಟ, ಹುಳಿ ಬಂದ ಹಿಟ್ಟಿನ ಅಗಲವಾದ ದೋಸೆ. ಅವಳ ಒಲೆ ಹೊತ್ತದ ದಿನ ಅರ್ಧ ಊರು ಅನ್ನ ಬೇಯಿಸಿಕೊಳ್ಳಬೇಕಾಗುತ್ತಿತ್ತು. ತೆರಿಗೆಯನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಬಾಡಿಗೆ ನಿಲ್ಲಿಸಿದವಳಲ್ಲ. ಅಂಥವಳಿಗೆ ಹೆತ್ತ ತಾಯಿಯನ್ನು ಸಾಕುವ ಯೋಗ್ಯತೆ ಇಲ್ಲವೆಂದು ಒಂದು ಕಾಗದ ಹೇಳುತ್ತಿತ್ತು. ಅದೂ ಮಾಡಿದ ಪಾಪಕ್ಕಲ್ಲ, ಮಾಡಿದ ಉಪಕಾರಕ್ಕೆ.

"ಇದಕ್ಕೆ ದಾರಿ?"

"ಎರಡಿದೆ. ವರಮಾನ ಇರೋ ಇನ್ನೊಬ್ರು ನಿಮ್ಮ ಜೊತೆ ಸಹಿ ಹಾಕ್ಬೇಕು. ಇಲ್ಲಾ ಕಾಸಾಹುನ್ ಪೌರತ್ವ ತಗೋಬೇಕು. ಅಪ್ಪ ಪೌರನಾದ್ರೆ ಹದಿನೆಂಟರ ಒಳಗಿನ ಮಕ್ಕಳು ಮೂರೂ ಜೊತೆಗೇ ಪೌರರಾಗ್ತಾರೆ. ನಿಮ್ಮ ಲೆಕ್ಕದಿಂದ ಇಳಿದು ಹೋಗ್ತಾರೆ."

"ಅಷ್ಟೇ ತಾನೆ?" ಜೆನೆಬೆಚ್ ಎದ್ದು ಶಾಲು ಹೊದ್ದಳು. "ಕಾಸಾಹುನ್ ನಮ್ಮ ಹುಡುಗ. ಎರಡರಲ್ಲಿ ಒಂದು ಮಾಡದೆ ಇರ್ತಾನಾ?"

ಅಸ್ರಾತ್ ಮತ್ತೆ ಕನ್ನಡಕ ಒರೆಸಿದ. ಅವಳು ಅದನ್ನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಇಥಿಯೋಪಿಯದ ತನ್ನೂರು ದೆಸ್ಸಿಯೆಯಿಂದ ತಾಯಿಯ ಫೋನು ಬಂತು. ಬೊಗಾಲೆಚ್ ಮುದುಕಿಗೆ ಎಂಬತ್ತು ಹತ್ತಿರ. ಸಂತೆಯಲ್ಲಿ ಮೆಣಸಿನಪುಡಿ ಮಾರಿ ಮಕ್ಕಳನ್ನು ಬೆಳೆಸಿದ ಗಂಟಲು, ಫೋನು ಇಲ್ಲದಿದ್ದರೂ ಅಮೆರಿಕಕ್ಕೆ ಕೇಳಿಸುವಂಥದು. ಮಗ ತೀರಿಹೋದ ಮೇಲೆ ಅವಳು ಸೊಸೆ ಅಲೆಮ್ ಜೊತೆ ಇದ್ದಳು. ಆ ಸೊಸೆಗೆ ಇನ್ನೊಂದು ಮದುವೆಗೆ ಗಂಡು ಹುಡುಕಿದವಳೂ ಅವಳೇ.

"ಎಷ್ಟು ದಿನ ಅಂತ ವಿಧವೆಯಾಗಿ ಇರ್ತಾಳೆ ಪಾಪ? ಗಂಡು ಒಳ್ಳೆಯವನು, ಬಡಗಿ, ಕುಡಿಯಲ್ಲ. ಆದ್ರೆ ಸತ್ತ ಗಂಡನ ತಾಯಿ ಒಲೆ ಮುಂದೆ ಕೂತಿದ್ರೆ ಯಾವ ಗಂಡು ಮನೆಗೆ ಬರ್ತಾನೆ? ನಾನು ಬೇರೆ ಕಡೆ ಹೋಗ್ತೀನಿ ಅಂದ್ರೆ ಇವಳು ಅಳ್ತಾಳೆ. ಅತ್ತೇನ ಬೀದಿಗೆ ಹಾಕಿ ನಾನು ಮದುವೆ ಆಗಲ್ಲ ಅಂತಾಳೆ. ನಿನ್ನ ಕಾಗದ ಯಾವಾಗ ಬರುತ್ತೆ ಹೇಳು."

"ಬರುತ್ತೆ ಎಮಾಯೆ," ಎಂದಳು ಜೆನೆಬೆಚ್. ತಾಯಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ಇನ್ನೊಂದು ಸಹಿ ಬೇಕಂತೆ. ಕಾಸಾಹುನ್ ಹಾಕ್ತಾನೆ."

"ಹಾಕದೆ ಏನು! ಅವನ ಅಮ್ಮ ದಿನಾ ನನ್ನ ಕಾಫಿ ಕುಡಿಯೋದು."

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಜೆನೆಬೆಚ್ ಕಾಸಾಹುನನ ಮನೆಗೆ ಹೋದಳು. ಆರು ವರ್ಷದ ಹಿಂದೆ ಅವನು ಯಾರದೋ ಟ್ಯಾಕ್ಸಿ ಓಡಿಸುತ್ತಿದ್ದ. ಹೆಂಡತಿ ಮಕ್ಕಳು ಊರಿನಲ್ಲಿದ್ದರು, ವರಮಾನ ಸಾಲದೆ ಅವರ ಅರ್ಜಿ ನಿಂತಿತ್ತು. ಜೆನೆಬೆಚ್‌ನ ಅಂಗಡಿಯ ಹಿಟ್ಟಿನ ಡಬ್ಬಿಗಳ ಮಧ್ಯೆ ಕೂತು ಗಂಡಸು ಗೊಳೋ ಎಂದು ಅತ್ತಿದ್ದ. ಅವಳು ಕೈ ತೊಳೆದುಕೊಂಡು ಹೋಗಿ ಸಹಿ ಹಾಕಿ ಬಂದಿದ್ದಳು. ಈಗ ಅವನ ಬಳಿ ವಿಮಾನನಿಲ್ದಾಣಕ್ಕೆ ಓಡುವ ಐದು ಕಪ್ಪು ಕಾರುಗಳು. ಮನೆಯಲ್ಲಿ ಗೋಡೆಯಗಲದ ಟಿವಿ.

ಭುಜಕ್ಕೆ ಭುಜ ತಾಗಿಸಿ ಕುಶಲ ಕೇಳಿದ. ಹೆಂಡತಿ ಫಿಕಿರ್ತೆ ಮೂಲೆಯಲ್ಲಿ ಕಾಫಿಬೀಜ ಹುರಿಯಲು ಕೂತಳು. ಜೆನೆಬೆಚ್ ವಿಷಯ ಹೇಳಿದಳು. ಕಾಸಾಹುನ್ ಕೇಳುತ್ತ ಕೇಳುತ್ತ ಸೋಫಾದಲ್ಲಿ ಹಿಂದಕ್ಕೆ ಸರಿದ.

"ಅಕ್ಕಾ, ನಿಮಗಿಲ್ಲ ಅಂತೀನಾ? ಪ್ರಾಣ ಕೇಳಿ, ಕೊಡ್ತೀನಿ. ಆದ್ರೆ ನನ್ನ ವಕೀಲರು ಯಾರಿಗೂ ಸಹಿ ಮಾತ್ರ ಹಾಕ್ಬೇಡ ಅಂದಿದ್ದಾರೆ."

"ನಿನ್ನ ಪ್ರಾಣ ಇಟ್ಕೊಂಡು ನಾನೇನು ಮಾಡ್ಲಿ? ಸಹಿ ಹಾಕು."

"ನೋಡಿ, ನಾಳೆ ಅಮ್ಮ ಹುಷಾರು ತಪ್ತಾರೆ ಅಂತಿಟ್ಕೊಳ್ಳಿ. ಆಸ್ಪತ್ರೆ ಖರ್ಚು ಸರ್ಕಾರ ಕೊಡುತ್ತೆ. ಆಮೇಲೆ ಸಹಿ ಹಾಕಿದೋನು ಯಾರು ಅಂತ ಹುಡುಕ್ಕೊಂಡು ನನ್ನ ಕಂಪನಿಗೆ ಬರ್ತಾರೆ."

"ನಾನು ನಾಲ್ಕು ಜನಕ್ಕೆ ಹಾಕಿದ್ನಲ್ಲ ಕಾಸಾಹುನ್? ಆಗ ನನ್ನ ಒಲೆ ಹುಡುಕ್ಕೊಂಡು ಬರ್ತಿರ್ಲಿಲ್ವಾ?"

"ಇವರು ಗಟ್ಟಿಮುಟ್ಟು, ಅಕ್ಕಾ. ಚಿಕ್ಕ ವಯಸ್ಸಿನವರು. ಅದು ಎಂಬತ್ತರ ಜೀವ. ಅಪಾಯ ಜಾಸ್ತಿ."

ಜೆನೆಬೆಚ್‌ನ ಕಿವಿ ಬಿಸಿಯಾಯಿತು. ಚಿಕ್ಕವನಿದ್ದಾಗ ಇವನ ಜ್ವರಕ್ಕೆ ಬೆಳ್ಳುಳ್ಳಿ ಜಜ್ಜಿ ಹಚ್ಚಿದ ಕೈ ತಾಯಿಯದು. ಇವನ ಬಾಯಲ್ಲಿ ಆ ತಾಯಿ ಇವತ್ತು ಅಪಾಯವಾಗಿದ್ದಳು. ಸಿಟ್ಟನ್ನು ನುಂಗಿ ಎರಡನೆಯ ದಾರಿ ಹಿಡಿದಳು.

"ಸರಿ, ಸಹಿ ಬೇಡ. ಪೌರತ್ವ ತಗೋ. ನೀನು ಬಂದು ಹತ್ತು ವರ್ಷದ ಮೇಲಾಯ್ತು."

"ಅಯ್ಯೋ, ಅದು ಈಗ್ಲೇ ಆಗಲ್ಲ! ಅಡಿಸ್ ಅಬಾಬದಲ್ಲಿ ಮನೆ ಏಳ್ತಾ ಇದೆ, ಮೂರಂತಸ್ತು. ನನ್ನ ಹೆಸರಲ್ಲಿ. ನಾನು ಅಮೆರಿಕದವನಾದ್ರೆ ಅಲ್ಲಿ ಪರದೇಶಿ. ನಾಳೆ ಯಾವನೋ ಅಧಿಕಾರಿ ತಗಾದೆ ತೆಗೆದ್ರೆ? ಮನೆ ಮುಗೀಲಿ. ಆಮೇಲೆ ಕೂತು ಮಾತಾಡೋಣ."

"ಯಾವಾಗ ಮುಗಿಯುತ್ತೆ?"

"ಸಿಮೆಂಟಿನ ಬೆಲೆ ನೋಡ್ಕೊಂಡು."

ಫಿಕಿರ್ತೆ ಹುರಿದ ಬೀಜದ ಹೊಗೆಯನ್ನು ಅತಿಥಿಯ ಕಡೆ ಬೀಸಿ, ಕಾಫಿ ಬಗ್ಗಿಸಿ ಮುಂದಿಟ್ಟಳು. ಮೂರು ಸರದಿ ಕುಡಿದು ಏಳುವುದು ಮರ್ಯಾದೆ. ಜೆನೆಬೆಚ್ ಒಂದನ್ನೇ ಕುಡಿದು ಎದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತಾಗಿತ್ತು ಅವಳ ಸ್ಥಿತಿ. ಇಲ್ಲಿ ಅಂಬಿಗನನ್ನು ಮರೆತದ್ದಷ್ಟೇ ಅಲ್ಲ, ದೋಣಿಯನ್ನೂ ಕಟ್ಟಿಹಾಕಿಕೊಂಡಿದ್ದರು.

ಬೇರೆಯವರನ್ನು ಕೇಳದೆ ಬಿಡಲಿಲ್ಲ. ಒಬ್ಬಾಕೆಯ ವರಮಾನ ಸಾಲದು. ಇನ್ನೊಬ್ಬ ಈಗಾಗಲೇ ಅತ್ತೆ ಮಾವನಿಗೆ ಸಹಿ ಹಾಕಿದ್ದ, ಅವನ ಲೆಕ್ಕ ತುಂಬಿಹೋಗಿತ್ತು. ಮಿಕ್ಕವರೆಲ್ಲ ಒಂದೇ ಮಾತು ಕೇಳಿದರು: "ಕಾಸಾಹುನ್ ಇದ್ದಾನಲ್ಲ, ಅವನ್ಯಾಕೆ ಹಾಕಲ್ಲ? ಏನಾದ್ರೂ ಕಾರಣ ಇರ್ಬೇಕು." ಸಾಲದ್ದಕ್ಕೆ ಅವಳ ಮೇಲೇ ಅನುಮಾನ.

ಆ ಜನರಲ್ಲಿ ಜಗಳ ಬಿಡಿಸುವುದಿದ್ದರೂ, ಹೆಣ್ಣು ಕೇಳುವುದಿದ್ದರೂ ಮೂವರು ಹಿರಿಯರನ್ನು ಕಳಿಸುತ್ತಾರೆ. ಬಿಳಿಯ ಶಾಲು ಹೊದ್ದು ಹೋಗಿ, ಕೂರಿ ಎಂದರೂ ಕೂರದೆ ನಿಂತು, ಬಂದ ಕೆಲಸ ಆಗುವವರೆಗೆ ಹಟ ಹಿಡಿಯುತ್ತಾರೆ. ಜೆನೆಬೆಚ್ ಅವರನ್ನೂ ಕಳಿಸಿದಳು. ಮುಖ್ಯಸ್ಥರಾಗಿ ಹೋದವರು ತೆಫೆರಿ. ಊರೆಲ್ಲ ಅವರನ್ನು ಗಾಶೆ ತೆಫೆರಿ ಎಂದು ಗೌರವದಿಂದ ಕರೆಯುತ್ತಿತ್ತು. ಹಿಂದೊಮ್ಮೆ ಊರಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು, ಈಗ ಪಾರ್ಕಿಂಗ್ ಕಟ್ಟಡದಲ್ಲಿ ಕಾವಲು.

ಹೋದವರು ಹೊಟ್ಟೆ ತುಂಬ ಉಂಡು ಬಂದರು.

"ತಾಳ್ಮೆ ಇರ್ಲಮ್ಮ," ಎಂದರು ತೆಫೆರಿ, ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು. "ಅವನು ಹೇಳೋದ್ರಲ್ಲೂ ನ್ಯಾಯ ಇದೆ. ಗಂಡಸು ಅಂದ ಮೇಲೆ ಸ್ವಂತ ಊರಲ್ಲಿ ಒಂದು ಸೂರು ಬೇಡ್ವಾ?"

"ಮೂರಂತಸ್ತಿನ ಸೂರಾ, ಗಾಶೆ? ನಮ್ಮಮ್ಮನಿಗೆ ಒಂದು ಮಂಚದ ಜಾಗ ಕೇಳಿದ್ದು ನಾನು."

"ಕೋಪ ಬೇಡ. ಅವನು ನಿನ್ನ ಬಗ್ಗೆ ತುಂಬ ಗೌರವ ಇಟ್ಕೊಂಡಿದಾನೆ. ತಾಯಿ ಸಮಾನ ಅಂದ."

"ಅದೇ ಭಯ ನನಗೆ. ತಾಯಿ ಅಂದ್ರೆ ಅವನಿಗೆ ಅಪಾಯ ಅಂತೆ."

ಹಿರಿಯರು ನಕ್ಕರು. ಆ ನಗುವೇ ಅವಳನ್ನು ಕೆರಳಿಸಿತು. ಮೂವರೂ ಅವನ ಮೇಜಿನಲ್ಲಿ ಉಂಡದ್ದು ಅವಳೇ ಸುಟ್ಟ ಇಂಜೆರಾ. ಅವಳ ಹಿಟ್ಟು ತಿಂದು ಅವಳಿಗೇ ಬುದ್ಧಿ ಹೇಳಲು ಬಂದಿದ್ದರು. ಅವರು ಹೋದ ಮೇಲೆ ಅವಳು ಒಲೆಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದಳು. ಎರಡು ಇಂಜೆರಾ ಸೀದುಹೋದವು. ನ್ಯಾಯ ಕೇಳುವ ದಾರಿಯೆಲ್ಲ ಮುಗಿದಿತ್ತು. ಇನ್ನು ಉಳಿದಿದ್ದದ್ದು ತಪ್ಪು ಒಪ್ಪಿಕೊಳ್ಳುವ ದಾರಿ.

ಅವರ ಊರಿನಲ್ಲಿ ತಪ್ಪು ಮಾಡಿದವನು ಕತ್ತಿನ ಮೇಲೆ ಕಲ್ಲು ಹೊತ್ತು, ತಲೆ ಬಗ್ಗಿಸಿಕೊಂಡು, ನೊಂದವನ ಬಾಗಿಲಿಗೆ ಹೋಗುತ್ತಾನೆ. ನೊಂದವನು ಬಂದು ಕಲ್ಲು ಇಳಿಸಬೇಕು. ಇಳಿಸಿದರೆ ಕೇಳಿದ್ದನ್ನು ಕೊಟ್ಟಂತೆ. ಇಳಿಸದೆ ನಿಲ್ಲಿಸಿಕೊಂಡರೆ ಊರು ಉಗಿಯುತ್ತದೆ. ಅಮೆರಿಕದಲ್ಲಿ ಆ ಪದ್ಧತಿಯನ್ನು ಯಾರೂ ಮಾಡಿದ್ದಿಲ್ಲ. ಹೆಂಗಸಂತೂ ಊರಿನಲ್ಲೂ ಮಾಡಿದ್ದಿಲ್ಲ.

ಸಂತ ಮೈಕೇಲನ ದಿನ ಕಾಸಾಹುನನ ಮನೆಯಲ್ಲಿ ಚರ್ಚಿನ ಸಂಘದ ಊಟ. ಇಂಜೆರಾ ಒಯ್ಯಬೇಕಾದವಳು ಜೆನೆಬೆಚ್. ಬುಟ್ಟಿಗಳನ್ನು ವ್ಯಾನಿಗೆ ಏರಿಸಿದ ಮೇಲೆ ಅವಳು ಅಂಗಡಿಸಾಲಿನ ಮುಂದೆ ಗಿಡಗಳ ಪಾತಿಯಲ್ಲಿ ಅಂದಕ್ಕೆ ಜೋಡಿಸಿದ್ದ ಬಿಳಿಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದಳು. ಅಸ್ರಾತ್ ಬಾಗಿಲಿಗೆ ಬಂದ.

"ಅಕ್ಕಾ, ಅದು ಕಟ್ಟಡದ ಮಾಲೀಕರ ಕಲ್ಲು. ಮೇಲೆ ಕ್ಯಾಮೆರಾ ಇದೆ."

"ಸಂಜೆ ತಂದಿಡ್ತೀನಿ. ಇದು ಹಗುರ ಆಯ್ತು ಅಲ್ವಾ?"

"ಯಾವುದಕ್ಕೆ ಹಗುರ?"

"ನಾಲ್ಕು ಜನರ ಭಾರಕ್ಕೆ." ಅವಳು ದೊಡ್ಡದೊಂದನ್ನು ಆರಿಸಿ ಮುಂದಿನ ಸೀಟಿನಲ್ಲಿಟ್ಟಳು. ವ್ಯಾನಿನೊಳಗಿನ ಯಂತ್ರ ಅದನ್ನು ಮನುಷ್ಯನೆಂದು ತಿಳಿದು ಸೀಟಿನ ಬೆಲ್ಟು ಕಟ್ಟೆಂದು ದಾರಿಯುದ್ದಕ್ಕೂ ಕಿರುಚುತ್ತಿತ್ತು. ಜೆನೆಬೆಚ್ ಅದಕ್ಕೂ ಬೈದಳು.

ಕಾಸಾಹುನನ ಮನೆಯಲ್ಲಿ ಪಾದ್ರಿಗಳು ಪ್ರಾರ್ಥನೆ ಮುಗಿಸಿ ರೊಟ್ಟಿ ಮುರಿಯುವುದರಲ್ಲಿದ್ದರು. ತೆಫೆರಿ ಪಕ್ಕದಲ್ಲೇ ಕೂತಿದ್ದರು. ಬಾಗಿಲು ತೆರೆದೇ ಇತ್ತು. ಜೆನೆಬೆಚ್ ಶಾಲನ್ನು ಸೊಂಟಕ್ಕೆ ಬಿಗಿದು, ಕಲ್ಲನ್ನು ಕತ್ತಿನ ಮೇಲೆ ಹೊತ್ತು, ಬಾಗಿಕೊಂಡೇ ಒಳಗೆ ಬಂದಳು. ಅವಳಿಗೆ ಕಾಣುತ್ತಿದ್ದದ್ದು ರತ್ನಗಂಬಳಿ ಮತ್ತು ಕಾಲುಗಳು. ಯಾರೋ ಹೆಂಗಸು "ಅಯ್ಯೋ ದೇವಮಾತೆ!" ಎಂದಳು.

"ಕಾಸಾಹುನ್ ಎಲ್ಲಿ? ನನಗೆ ಅವನ ಕಾಲು ಗೊತ್ತಾಗ್ತಿಲ್ಲ. ಬೂಟು ಹೊಸದಿರ್ಬೇಕು."

"ಏನಿದು ನಾಟಕ ಅಕ್ಕಾ? ಇಳಿಸಿ, ಇಳಿಸಿ," ಎಂದಿತು ಅವನ ದನಿ. ಆದರೆ ದನಿ ಹತ್ತಿರ ಬರಲಿಲ್ಲ.

"ನಾನಾಗಿ ಇಳಿಸೋ ಹಾಗಿಲ್ಲ, ನಿನಗೂ ಗೊತ್ತು. ತಪ್ಪು ಒಪ್ಪಿಕೊಳ್ಳೋಕೆ ಬಂದಿದೀನಿ. ಆರು ವರ್ಷದ ಹಿಂದೆ ನಾನು ನಿನಗೆ ಅನ್ಯಾಯ ಮಾಡ್ದೆ. ನನ್ನ ವಕೀಲರನ್ನ ಕೇಳದೆ ಸಹಿ ಹಾಕ್ದೆ. ಅಪಾಯ ಎಷ್ಟು ಅಂತ ಅಳೀಲಿಲ್ಲ. ನಿನ್ನ ಹೆಂಡ್ತಿ ಹಲ್ಲು, ಮಕ್ಕಳ ಎದೆ ಪರೀಕ್ಷೆ ಮಾಡಿಸ್ಲಿಲ್ಲ. ಅದ್ರಿಂದ ನೀನು ಹೆಂಡ್ತಿ ಮಕ್ಕಳ ಜೊತೆ ಇರೋ ಕಷ್ಟ ಬಂತು. ನನಗೆ ಋಣಿ ಆಗೋ ಕಷ್ಟ ಬಂತು. ಇಂಥ ಒಳ್ಳೆ ಮನುಷ್ಯನನ್ನ ಹಿಂಸೆಗೆ ಸಿಕ್ಕಿಸಿದ್ದಕ್ಕೆ ಕ್ಷಮಿಸು. ಕಲ್ಲು ಇಳಿಸು."

ಯಾರೋ ಕೆಮ್ಮಿದರು. ಪಾದ್ರಿಗಳು ಮೆಲ್ಲಗೆ, "ಇಳಿಸಪ್ಪ ಕಾಸಾಹುನ್," ಎಂದರು. ಕಾಸಾಹುನ್ ಅಲ್ಲಾಡಲಿಲ್ಲ. ಇಳಿಸಿದರೆ ಇಷ್ಟು ಜನರ ಎದುರು ಸಹಿ ಹಾಕುತ್ತೇನೆಂದು ಒಪ್ಪಿದಂತೆ. ಇಳಿಸದಿದ್ದರೆ ಮರ್ಯಾದೆ ಹೋಗುತ್ತದೆ. ಅವನು ಮರ್ಯಾದೆಯ ಬೆಲೆಯನ್ನೂ ಸಿಮೆಂಟಿನ ಬೆಲೆಯನ್ನೂ ತೂಗುತ್ತ ನಿಂತ. ಜೆನೆಬೆಚ್ ಐವತ್ತು ದಾಟಿದ ಹೆಂಗಸು. ಕಲ್ಲೇನೋ ಆರಿಸಿದ್ದು ಸಿಟ್ಟಿನಲ್ಲಿ, ಹೊರಬೇಕಾದದ್ದು ಸೊಂಟದಲ್ಲಿ. ಇನ್ನೊಂದು ಗಳಿಗೆಗೆ ತಾನೇ ಬೀಳುತ್ತೇನೆ, ಇವನು ಗೆಲ್ಲುತ್ತಾನೆ ಎಂದುಕೊಳ್ಳುವಾಗ ಎರಡು ಬರಿಗಾಲುಗಳು ಅವಳ ಮುಂದೆ ಬಂದು ನಿಂತವು. ಬೆರಳುಗಳಿಗೆ ಕಾಫಿಯ ಹೊಟ್ಟು ಅಂಟಿತ್ತು.

ಕತ್ತಿನ ಮೇಲಿನ ಭಾರ ಇಳಿಯಿತು. ತಲೆಯೆತ್ತಿದರೆ ಎದುರಿಗೆ ಫಿಕಿರ್ತೆ, ಕಲ್ಲನ್ನು ಮಗುವಿನ ಹಾಗೆ ಎದೆಗವುಚಿಕೊಂಡು.

"ಏ, ನೀನ್ಯಾಕೆ?" ಎಂದ ಕಾಸಾಹುನ್. "ನಿನಗೇನು ಸಂಬಂಧ?"

"ನನಗಲ್ದೆ ಇನ್ಯಾರಿಗೆ? ಸಹಿ ಹಾಕಿದ್ದು ನನಗೆ. ನಿನಗಲ್ಲ." ಅವಳ ದನಿ ಸಣ್ಣದು. ಅದನ್ನು ಆ ಮನೆಯಲ್ಲಿ ಅನೇಕರು ಅವತ್ತೇ ಮೊದಲು ಕೇಳಿದ್ದು. ಅವಳು ಜೆನೆಬೆಚ್ ಕಡೆ ತಿರುಗಿದಳು. "ಅಕ್ಕಾ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ನೀವು ಬಂದ್ರಿ. ಈ ಹಿರಿಯರು ಬಂದ್ರು. ಬಂದವರಿಗೆಲ್ಲ ಕಾಫಿ ಕಾಯಿಸ್ದೆ. ಒಬ್ರಾದ್ರೂ ನನ್ನ ಮುಖ ನೋಡಿ ಒಂದು ಮಾತು ಕೇಳಿದ್ರಾ? ಈ ದೇಶಕ್ಕೆ ಬಂದು ನನಗೂ ಆರು ವರ್ಷ ಆಗಿದೆ. ವೃದ್ಧಾಶ್ರಮದ ಅಡುಗೆಮನೇಲಿ ದುಡೀತೀನಿ. ನನಗೂ ಪೌರತ್ವ ಕೇಳೋ ಹಕ್ಕಿದೆ."

ಜೆನೆಬೆಚ್ ಸೊಂಟಕ್ಕೆ ಬಿಗಿದ ಶಾಲನ್ನು ಸಡಿಲಿಸಿದಳು.

"ನಿನ್ನೆ ಅಸ್ರಾತನಿಗೆ ಫೋನ್ ಮಾಡ್ದೆ," ಎಂದಳು ಫಿಕಿರ್ತೆ. "ತಾಯಿ ಪೌರಳಾದ್ರೆ ಮಕ್ಕಳು ಜೊತೆಗೆ ಆಗಲ್ವಾ ಅಂತ ಕೇಳ್ದೆ. ಆಗ್ತಾರೆ, ಗಂಡನನ್ನ ಕರ್ಕೊಂಡು ಬಾ ಅಂದ. ಗಂಡ ಯಾಕೆ, ಕಾನೂನಲ್ಲಿ ಬರೆದಿದ್ಯಾ ಅಂದೆ. ಆ ಕಡೆ ಕಾಗದ ಮಗುಚೋ ಸದ್ದು ಕೇಳಿಸ್ತು. ಆಮೇಲೆ, ಇಲ್ಲ ಅಂದ. ನಾನೊಬ್ಬಳು ಪ್ರಮಾಣ ಮಾಡಿದ್ರೆ ನಾಲ್ಕೂ ಜನ ನಿಮ್ಮ ಲೆಕ್ಕದಿಂದ ಇಳೀತೀವಿ, ಅಕ್ಕಾ."

"ಅಲ್ಲಿನ ಮನೆ?" ಕಾಸಾಹುನನ ಗಂಟಲು ಏರಿತು. "ಮನೆ ಗತಿ?"

"ಮನೆ ನನ್ನ ಹೆಸರಲ್ಲಿಲ್ವಲ್ಲ! ಒಂದು ಬಾಗಿಲಿಗಾದ್ರೂ ನನ್ನ ಹೆಸರು ಹಾಕು ಅಂತ ನಾನು ಅತ್ತಾಗ ನೀನು ನಕ್ಕೆ. ಈಗ ನನಗೆ ಕಳ್ಕೊಳ್ಳೋಕೆ ಏನೂ ಇಲ್ಲ. ಅದೊಂದು ಉಪಕಾರ ಮಾಡಿದ್ದೀಯ."

ಹೆಂಗಸರ ಕಡೆಯಿಂದ ಒಂದು ನಗೆ ಹಾರಿತು. ತೆಫೆರಿ ಗಂಟಲು ಸರಿಮಾಡಿಕೊಂಡರು. "ಒಳ್ಳೇದೇ ಮಗಳೇ. ಆದ್ರೂ ಇಂಥ ವಿಷಯದಲ್ಲಿ ಯಜಮಾನನ ಒಪ್ಪಿಗೆ..."

"ಗಾಶೆ," ಎಂದಳು ಜೆನೆಬೆಚ್. "ನೀವು ಮೂರು ಜನ ನನ್ನ ಪರವಾಗಿ ಬಂದವರು ಇವನ ನೆಪ ಹೊತ್ಕೊಂಡು ವಾಪಸ್ ಬಂದ್ರಿ. ಇನ್ನೊಂದ್ಸಲ ಹೊರೋದಿದ್ರೆ ಆ ಕಲ್ಲಿದೆ ನೋಡಿ."

ಪಾದ್ರಿಗಳು ಬೇಗ ಬೇಗ ರೊಟ್ಟಿ ಮುರಿದರು.

ಅವಳ ಸಿಟ್ಟು ಅಲ್ಲಿಗೆ ತಣಿಯಲಿಲ್ಲ. ಸಿಟ್ಟಿನ ಒಂದು ಪಾಲು ಈಗ ತನ್ನ ಕಡೆಗೇ ತಿರುಗಿತ್ತು. ಹತ್ತೊಂಬತ್ತು ವರ್ಷ ಒಬ್ಬಳೇ ಬದುಕಿದ ಹೆಂಗಸು, ಯಾವ ಗಂಡಸಿನ ಅಪ್ಪಣೆಯನ್ನೂ ಕೇಳದೆ ಸಹಿ ಹಾಕಿದವಳು, ಇನ್ನೊಂದು ಮನೆಗೆ ಹೋದಾಗ ಮಾತ್ರ ಗಂಡಸನ್ನೇ ಹುಡುಕಿಕೊಂಡು ಹೋಗಿದ್ದಳು. ಎದುರಿಗೆ ಕಾಫಿ ಬಗ್ಗಿಸುತ್ತಿದ್ದವಳು ಕಣ್ಣಿಗೆ ಬಿದ್ದಿರಲಿಲ್ಲ.

ಸೋಮವಾರ ಅವಳೇ ಫಿಕಿರ್ತೆಯನ್ನು ಅಸ್ರಾತನ ಅಂಗಡಿಗೆ ಕರೆದೊಯ್ದಳು. ಅಸ್ರಾತ್ ತಲೆ ತಗ್ಗಿಸಿಕೊಂಡೇ ಅರ್ಜಿ ತುಂಬಿದ. ತನ್ನ ಕೂಲಿ ಬೇಡ ಎಂದ. "ಬೇಡ ಅಂದ್ರೆ ತಪ್ಪು ಕಡಿಮೆ ಆಗಲ್ಲ, ತಗೋ," ಎಂದು ಫಿಕಿರ್ತೆ ತನ್ನ ಸಂಬಳದಿಂದಲೇ ಕೊಟ್ಟಳು.

ಚಳಿಗಾಲ ಕಳೆಯಿತು. ಪೌರತ್ವದ ಪರೀಕ್ಷೆಗೆ ಫಿಕಿರ್ತೆ ಓದಿದ್ದು ಜೆನೆಬೆಚ್‌ನ ಅಂಗಡಿಯಲ್ಲಿ, ಇಂಜೆರಾ ಎಣಿಸಿ ಕಟ್ಟುತ್ತ. ಮನೆಯಲ್ಲಿ ಓದಲು ಕೂತರೆ ಟಿವಿಯ ಸದ್ದು ಏರುತ್ತಿತ್ತು. ಹಿರಿಯ ಮಗಳು ಪ್ರಶ್ನೆ ಕೇಳುತ್ತಿದ್ದಳು, ತಾಯಿ ಉತ್ತರಿಸುತ್ತಿದ್ದಳು, ತಪ್ಪಿದರೆ ಜೆನೆಬೆಚ್ ಒಲೆಯ ಹಿಂದಿನಿಂದ ಬೈಯುತ್ತಿದ್ದಳು.

ಪ್ರಮಾಣವಚನದ ದಿನ ಫಿಕಿರ್ತೆ ಬಿಳಿಯ ಉಡುಪಿನಲ್ಲಿ ಕೈಯೆತ್ತಿ ನಿಂತಳು. ಮೂರು ಮಕ್ಕಳು ಜೆನೆಬೆಚ್‌ನ ಪಕ್ಕ ಕೂತಿದ್ದರು. ಕಾಸಾಹುನ್ ಬಂದಿರಲಿಲ್ಲ. ಅಲ್ಲಿಂದ ನೇರವಾಗಿ ಅಸ್ರಾತನ ಮೇಜಿಗೆ ಬಂದು ಜೆನೆಬೆಚ್ ತಾಯಿಯ ಜಾಮೀನಿಗೆ ಸಹಿ ಹಾಕಿದಳು. ಪೆನ್ನಿನ ಗುರುತು ಕಾಗದದ ಹಿಂಬದಿಗೂ ಮೂಡುವಷ್ಟು ಒತ್ತಿ ಬರೆದಳು.

ಆಮೇಲೆ ಫೋನು ಮಾಡಿದಳು.

"ಎಮಾಯೆ, ಅರ್ಜಿಗೆ ಇನ್ನು ತಡೆ ಇಲ್ಲ. ಎರಡು ಮೂರು ತಿಂಗಳಲ್ಲಿ ನಿಮ್ಮನ್ನ ಅಡಿಸ್‌ಗೆ ಕರೀತಾರೆ, ವೀಸಾ ಕೊಡೋ ಮುಂಚೆ ಮಾತಾಡಿಸೋಕೆ."

"ಅಲೆಮ್!" ಎಂದು ಮುದುಕಿ ಆ ಕಡೆ ಕೂಗಿದ್ದು ಮೂರು ಮನೆಗೆ ಕೇಳಿಸಿರಬೇಕು. "ಆ ಬಡಗಿಗೆ ಹೇಳಿ ಕಳ್ಸೇ! ಮದುವೆ ದಿನ ಗೊತ್ತು ಮಾಡ್ಲಿ. ನಾನಿರೋವಾಗ್ಲೇ ಆಗ್ಬೇಕು, ಹೆಣ್ಣಿನ ಕಡೆಯವಳು ನಾನೇ!" ಮತ್ತೆ ಫೋನಿಗೆ ಬಂದಳು. "ಕಾಸಾಹುನ್ ಸಹಿ ಹಾಕಿದ್ನಾ ಅಂತೂ?"

"ಇಲ್ಲ ಎಮಾಯೆ. ಅವನ ಹೆಂಡ್ತಿ ಕಲ್ಲು ಇಳಿಸಿದ್ಲು." ಜೆನೆಬೆಚ್ ಎಲ್ಲವನ್ನೂ ಹೇಳಿದಳು. ಅಪಾಯ ಎಂದದ್ದನ್ನೂ ಬಿಡದೆ ಹೇಳಿದಳು.

ಆ ಕಡೆಯಿಂದ ಮುದುಕಿ ಕಾಫಿಬೀಜದ ಡಬ್ಬಿ ತೆರೆದ ಸದ್ದು ಬಂತು.

"ಹೂಂ. ಅವನ ಅಮ್ಮ ಈಗ ಬರೋ ಹೊತ್ತು ಕಾಫಿಗೆ. ಬರ್ಲಿ. ಮೂರು ಸರದಿ ಕಾಫಿ ಕೊಡ್ತೀನಿ, ಒಂದೊಂದು ಸರದಿಗೂ ಮಗನ ಒಂದೊಂದು ಗುಣ ಹೇಳ್ತೀನಿ. ಮೂರನೇದು ಕುಡಿಯೋ ಮುಂಚೆ ಅವಳೇ ಅವನಿಗೆ ಫೋನ್ ಮಾಡದಿದ್ರೆ ನನ್ನ ಹೆಸರು ಬೊಗಾಲೆಚ್ ಅಲ್ಲ. ಇಡು ಫೋನು, ಬೀಜ ಹುರೀಬೇಕು."